ಎಂಜಿನ್ ಕಾದರೆ, ಬ್ಯಾಟರಿ ಕೂತರೆ: ಹದಿನೈದು ಸೂತ್ರಗಳು

ಹಳೆಯ ಕಾರು ಇಟ್ಟುಕೊಂಡವರಿಗೆ ಎರಡು ಕಾಯಿಲೆಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಘಾಟಿ ಏರುವಾಗ ಟೆಂಪರೇಚರ್ ಸೂಜಿ ಮೇಲಕ್ಕೆ ಹೋಗುವುದು ಒಂದು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ 'ಟಕ್' ಎಂದು ಸುಮ್ಮನಾಗುವುದು ಇನ್ನೊಂದು. ನನ್ನ ಮಾರುತಿ 800ಕ್ಕೆ ಒಂದೇ ಮಳೆಗಾಲದಲ್ಲಿ ಎರಡೂ ಬಂದವು. ನಮ್ಮೂರಿನ ಒಂದು ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ಬದಲಿಸಿದರು. ಆಮೇಲೆ ಆಲ್ಟರ್ನೇಟರ್ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿದರು. ಹೀಟ್ ಆಗುತ್ತಿದೆ ಎಂದಾಗ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಕೈಗೆ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು, ಕಾಯಿಲೆ ಮಾತ್ರ ಹೋಗಲಿಲ್ಲ. ಕೊನೆಗೆ ಅದನ್ನು ಹಿಡಿದುಕೊಟ್ಟವರು ಉಜಿರೆಯ ರಸ್ತೆಬದಿಯ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್. ಅವರ ಕೈಯಲ್ಲಿದ್ದದ್ದು ಎರಡು ಸ್ಪ್ಯಾನರ್ ಮತ್ತು ಒಂದು ಮೀಟರ್. ಅವತ್ತು ಅವರ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತು ಕಲಿತದ್ದು, ಆಮೇಲೆ ನಾನೇ ಬೋನೆಟ್ ಎತ್ತಿ ಕಲಿತದ್ದು ಎಲ್ಲ ಇಲ್ಲಿದೆ.

1. ಯಾವುದು ಮೊದಲು ಬಂತೆಂದು ನೆನಪಿಸಿಕೊಳ್ಳಿ

ಧರ್ಮಸ್ಥಳದಿಂದ ವಾಪಸು ಬರುತ್ತಿದ್ದೆವು. ಸುರಿಯುವ ಮಳೆ, ಸಂಜೆ ಏಳರ ಹೊತ್ತು, ಹಿಂದಿನ ಸೀಟಿನಲ್ಲಿ ಅಮ್ಮ. ಉಜಿರೆ ತಲುಪುವಷ್ಟರಲ್ಲಿ ವೈಪರ್ ತೂಕಡಿಸುತ್ತ ಆಡತೊಡಗಿತ್ತು. ಹೆಡ್‌ಲೈಟ್ ಲಾಟೀನಿನಷ್ಟು ಹಳದಿಯಾಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಮಿಣುಕುತ್ತಿತ್ತು, ಟೆಂಪರೇಚರ್ ಸೂಜಿ ಮುಕ್ಕಾಲು ದಾಟಿತ್ತು. ಚಾರ್ಮಾಡಿ ಘಾಟಿ ಇನ್ನೂ ಮುಂದಿತ್ತು. ಶಟರ್ ಎಳೆಯುವ ಹೊತ್ತಿನಲ್ಲಿದ್ದ ಆ ಎಲೆಕ್ಟ್ರಿಷಿಯನ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅವರು ಬೋನೆಟ್ ಎತ್ತುವ ಮೊದಲೇ ಕೇಳಿದರು:

"ಲೈಟ್ ಬಂದದ್ದು ಮೊದಲಾ, ಹೀಟ್ ಆದದ್ದು ಮೊದಲಾ?"

"ಎರಡೂ ಒಟ್ಟಿಗೇ ಬಂತು."

"ಮಳೆ ಬರುವ ಮೊದಲು ಇತ್ತಾ?"

"ಇರಲಿಲ್ಲ."

"ಹಾಗಾದ್ರೆ ಕಾಯಿಲೆ ಎರಡಲ್ಲ ಮಾರಾಯ್ರೆ, ಒಂದೇ. ಬೋನೆಟ್ ಎತ್ತಿ, ನೋಡುವ."

ಎರಡು ತಿಂಗಳಲ್ಲಿ ಈ ಪ್ರಶ್ನೆಯನ್ನು ಇನ್ಯಾರೂ ನನಗೆ ಕೇಳಿರಲಿಲ್ಲ. ನಿಮ್ಮ ಕಾರಿಗೆ ತೊಂದರೆ ಬಂದರೆ ಫೋನಿನಲ್ಲಿ ನಾಲ್ಕು ಸಾಲು ಬರೆದಿಡಿ: ಎಷ್ಟು ಹೊತ್ತಿಗೆ, ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ, ಲೈಟ್, ಎಸಿ, ವೈಪರ್‌ಗಳಲ್ಲಿ ಯಾವ್ಯಾವುದು ಆನ್ ಇತ್ತು. ಮೆಕ್ಯಾನಿಕ್ ಕೈಗೆ ಕೀ ಕೊಡುವಾಗ ಈ ನಾಲ್ಕು ಸಾಲನ್ನೂ ಓದಿ ಹೇಳಿ.

2. ಎರಡು ಕಾಯಿಲೆ ಕೂಡುವ ಜಾಗ ಹುಡುಕಿ

ಎಂಜಿನ್ನಿನಲ್ಲಿ ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಹೆಚ್ಚುಕಮ್ಮಿ ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದನ್ನು ಹೊತ್ತು ರೇಡಿಯೇಟರಿಗೆ ಹಾಕುವುದು ನೀರು, ಆ ನೀರನ್ನು ತಿರುಗಿಸುವುದು ವಾಟರ್ ಪಂಪ್. ಗ್ಯಾರೇಜಿನವರ ಬಾಯಲ್ಲಿ ಅದು ವಾಟರ್ ಬಾಡಿ. ಬ್ಯಾಟರಿ ತುಂಬುವುದು ಆಲ್ಟರ್ನೇಟರ್, ಹಳಬರು ಇವತ್ತಿಗೂ ಡೈನಮೋ ಎನ್ನುತ್ತಾರೆ. ಮಾರುತಿ 800, ಅಂಬಾಸಿಡರ್, ಪದ್ಮಿನಿಯಂಥ ಕಾರುಗಳಲ್ಲಿ ಇವೆರಡನ್ನೂ ತಿರುಗಿಸುವುದು ಒಂದೇ ಫ್ಯಾನ್ ಬೆಲ್ಟ್. ಅಂಬಾಸಿಡರ್, ಪದ್ಮಿನಿಗಳಲ್ಲಂತೂ ಫ್ಯಾನ್ ಕೂಡ ಅದೇ ಬೆಲ್ಟಿನಲ್ಲಿ ತಿರುಗುತ್ತದೆ.

ಬೆಲ್ಟ್ ಸಡಿಲವಾದರೆ ಚಾರ್ಜೂ ಹೋಯಿತು, ನೀರಿನ ಓಟವೂ ಹೋಯಿತು. ಮಳೆ ಬಂದಾಗಲೇ ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹೆಡ್‌ಲೈಟ್, ವೈಪರ್, ಗಾಜಿನ ಮಂಜು ತೆಗೆಯುವ ಬ್ಲೋವರ್ ಎಲ್ಲ ಒಟ್ಟಿಗೆ ಹಾಕಿದಾಗ ಆಲ್ಟರ್ನೇಟರ್ ಮೇಲೆ ಭಾರ ಬಿದ್ದು ಅದು ತಿರುಗುವುದು ಕಷ್ಟವಾಗುತ್ತದೆ. ಹಗಲಲ್ಲಿ ಹೇಗೋ ಹಿಡಿದಿದ್ದ ಸಡಿಲ ಬೆಲ್ಟ್, ಆ ಭಾರಕ್ಕೆ, ಮೇಲಿಂದ ಒದ್ದೆಯೂ ಆಗಿ, ಜಾರಿಬಿಡುತ್ತದೆ.

ಹೊಸ ಕಾರುಗಳಲ್ಲಿ ಕೆಲವಕ್ಕೆ ವಾಟರ್ ಪಂಪ್ ಟೈಮಿಂಗ್ ಬೆಲ್ಟಿನ ಕಡೆಗೆ ಸೇರಿರುತ್ತದೆ. ಅಲ್ಲಿ ಲೆಕ್ಕ ಬೇರೆ. ನಿಮ್ಮ ಕಾರಿನ ಬೆಲ್ಟ್ ಯಾವ ಯಾವ ಪುಲ್ಲಿ ಸುತ್ತಿ ಹೋಗಿದೆ ಎಂದು ಒಮ್ಮೆ ಹಗಲು ಬೆಳಕಿನಲ್ಲಿ ನೋಡಿಟ್ಟುಕೊಳ್ಳಿ.

3. ಬೆಲ್ಟನ್ನು ಬೆರಳಿನಿಂದ ಓದಿ

ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಸಣ್ಣ ಕಾರಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬಗ್ಗಬಹುದು, ಸರಿಯಾದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ. ನನ್ನದು ಎರಡು ಬೆರಳು ಒಳಗೆ ಹೋಗಿತ್ತು.

ಆಮೇಲೆ ಬೆಲ್ಟನ್ನು ಸ್ವಲ್ಪ ತಿರುಚಿ ಪಕ್ಕದ ಅಂಚು ನೋಡಿ. ವಿ ಆಕಾರದ ಬೆಲ್ಟ್ ಹಿಡಿಯುವುದು ಪಕ್ಕಗಳಿಂದ. ಆ ಪಕ್ಕಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಸುಟ್ಟದ್ದು, ಬಿಗಿ ಮಾಡಿದರೂ ಮತ್ತೆ ಜಾರುತ್ತದೆ. ಬೆಲ್ಟ್ ಪುಲ್ಲಿಯ ತಳಕ್ಕೆ ಇಳಿದು ಕೂತಿದ್ದರೂ ಸವೆದು ಹೋಗಿದೆ ಎಂದೇ ಅರ್ಥ. ಸುತ್ತಮುತ್ತ ಕಪ್ಪು ರಬ್ಬರಿನ ಪುಡಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ 'ಕೀಂಯ್' ಎಂಬ ಕೂಗು, ಹೆಡ್‌ಲೈಟ್ ಹಾಕಿದಾಗ ಆ ಕೂಗು ಜಾಸ್ತಿಯಾಗುವುದು, ಇವೆಲ್ಲ ಅದರದ್ದೇ ಗುರುತು.

ಹಾಗೆಂದು ವೀಣೆಯ ತಂತಿಯ ಹಾಗೆ ಬಿಗಿಯುವುದೂ ಬೇಡ. ಆಲ್ಟರ್ನೇಟರ್ ಬೇರಿಂಗೂ ವಾಟರ್ ಪಂಪ್ ಬೇರಿಂಗೂ ಒಟ್ಟಿಗೆ ಹೋಗುತ್ತವೆ. ಉಜಿರೆಯಲ್ಲಿ ನನ್ನ ಆಲ್ಟರ್ನೇಟರಿನ ಪಟ್ಟಿಯ ಬೋಲ್ಟ್ ಕೈಯಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಬ್ರಷ್ ಹಾಕಲು ಬಿಚ್ಚಿದವರು ಮತ್ತೆ ಕಟ್ಟುವಾಗ ಬಿಗಿ ಮಾಡಿರಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಎರಡು ತಿಂಗಳು ಕೊಡಲಿ ಎತ್ತಿದ್ದೆವು.

4. ಸೂಜಿ ಕೆಂಪು ಮುಟ್ಟುವ ಮೊದಲೇ ನಿಲ್ಲಿಸಿ

ಸೂಜಿ ತನ್ನ ದಿನದ ಜಾಗ ಬಿಟ್ಟು ಮೇಲೆ ಹೋಗುತ್ತಿದೆ ಎಂದು ಕಂಡ ಕೂಡಲೇ ಎಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಹಾಕಿ, ಕಿಟಕಿ ಇಳಿಸಿ. ಹೀಟರ್ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಸ್ವಲ್ಪ ಅಲ್ಲಿ ಹೊರಗೆ ಬೀಳುತ್ತದೆ. ಬೆವರು ಹರಿದರೂ ಎಂಜಿನ್ನಿನ ಹೆಡ್ ಉಳಿಯುತ್ತದೆ.

ಹಬೆ ಕಂಡರೆ, ಸಿಹಿವಾಸನೆ ಬಂದರೆ, ಸೂಜಿ ಕೆಂಪಿಗೆ ಮುಟ್ಟಿದರೆ ಮುಂದಿನ ಊರಿನ ತನಕ ಹೋಗೋಣ ಎನ್ನಬೇಡಿ. ಪಕ್ಕಕ್ಕೆ ತೆಗೆದು ಆಫ್ ಮಾಡಿ. ಹಾಗೆ ಎಳೆದ ಎರಡು ಕಿಲೋಮೀಟರಿಗೆ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗಿ, ಹೆಡ್ ಇಳಿಸಿ ಫೇಸಿಂಗ್ ಮಾಡಿಸುವ ಖರ್ಚು ಬಂದೀತು. ಚಾರ್ಜ್ ದೀಪ ಪೂರ್ತಿ ಉರಿದು, ಜೊತೆಗೇ ಸೂಜಿಯೂ ಏರುತ್ತಿದ್ದರೆ ಬೆಲ್ಟ್ ತುಂಡಾಗಿದೆ ಎಂದೇ ತಿಳಿಯಿರಿ. ಆಗ ಒಂದು ಕಿಲೋಮೀಟರೂ ಬೇಡ.

5. ಬಿಸಿ ಮುಚ್ಚಳಕ್ಕೆ ಕೈ ಹಾಕಬೇಡಿ, ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಬೇಡಿ

ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬ ಸಂಖ್ಯೆ ಇರುತ್ತದೆ. ಅದು ಒತ್ತಡ. 0.9ರ ಮುಚ್ಚಳದೊಳಗೆ ಬರಿಯ ನೀರು ಕೂಡ ಸುಮಾರು 118 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದ ಕ್ಷಣಕ್ಕೆ ಒತ್ತಡ ಹೋಗಿ ನೀರು ಒಮ್ಮೆಲೇ ಕುದಿದೆದ್ದು ಹಬೆಯ ಜೊತೆ ಮುಖಕ್ಕೆ ಹಾರುತ್ತದೆ. ಕುಕ್ಕರಿನ ವೆಯ್ಟ್ ಇಳಿಯದೆ ಮುಚ್ಚಳ ತೆಗೆಯಬಾರದೆಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ರಸ್ತೆಯಲ್ಲಿ ಮರೆತುಹೋಗುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡಿ. ಮೇಲಿನ ಹೋಸ್ ಪೈಪ್ ಹಿಸುಕಿ ನೋಡಿ. ಅದು ಮೆತ್ತಗಾದ ಮೇಲೆ, ದಪ್ಪ ಬಟ್ಟೆ ಹಾಕಿ, ಮೆಲ್ಲಗೆ.

ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು. ಕಾದ ಗಾಜಿನ ಲೋಟಕ್ಕೆ ನೀರು ಬಿದ್ದ ಹಾಗೆ.

6. ಎಲ್ಲಿ ಹೀಟ್ ಆಗುತ್ತದೆ ಎನ್ನುವುದೇ ಅರ್ಧ ಉತ್ತರ

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಾಲಿನಲ್ಲಿ ನಿಂತಾಗ ಏರುತ್ತದೆ, ಹೈವೇಗೆ ಬಂದರೆ ಇಳಿಯುತ್ತದೆ: ಗಾಳಿ ಸಾಲುತ್ತಿಲ್ಲ. ಫ್ಯಾನ್, ಫ್ಯಾನಿನ ಫ್ಯೂಸ್, ರಿಲೇ, ಥರ್ಮೋಸ್ವಿಚ್ ನೋಡಿ.

ಊರೊಳಗೆ ಚೆನ್ನಾಗಿದೆ, ಶಿರಾಡಿ ಹತ್ತುವಾಗಲೋ ತುಮಕೂರು ರಸ್ತೆಯಲ್ಲಿ ನೂರರ ವೇಗಕ್ಕೋ ಏರುತ್ತದೆ: ನೀರು ಸಾಲುತ್ತಿಲ್ಲ. ರೇಡಿಯೇಟರ್ ಒಳಗೆ ಕಟ್ಟಿದೆ, ಅಥವಾ ಪಂಪ್ ಎತ್ತುತ್ತಿಲ್ಲ, ಅಥವಾ ಕೆಳಗಿನ ಹೋಸ್ ಪೈಪ್ ಎಳೆತಕ್ಕೆ ಚಪ್ಪಟೆಯಾಗುತ್ತಿದೆ. ರೇಡಿಯೇಟರಿನ ಮುಖಕ್ಕೆ ಕೆಸರು, ಹುಳು, ಬತ್ತದ ಹೊಟ್ಟು ಮೆತ್ತಿದ್ದರೂ ಹೀಗೇ.

ಹೊರಟು ಐದು ನಿಮಿಷಕ್ಕೇ ಏರುತ್ತದೆ: ನೀರೇ ಇಲ್ಲ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ, ಇಲ್ಲವೇ ನೀರು ಬದಲಿಸಿದಾಗ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಬೆಳಿಗ್ಗೆ ತಣ್ಣಗಿರುವಾಗ ಮೇಲಿನ ಹೋಸ್ ಪೈಪ್ ಹೀರಿಕೊಂಡು ಚಪ್ಪಟೆಯಾಗಿದ್ದರೆ ಮುಚ್ಚಳ ಬದಲಿಸಿ. ಎಂಜಿನ್ ತಣ್ಣಗಾಗುವಾಗ ಪಕ್ಕದ ಡಬ್ಬದಿಂದ ನೀರನ್ನು ವಾಪಸು ಬಿಡಬೇಕಾದ ಸಣ್ಣ ವಾಲ್ವ್ ಮುಚ್ಚಳದಲ್ಲೇ ಇರುತ್ತದೆ. ಅದು ಕಚ್ಚಿಕೊಂಡಿದೆ. ಇಡೀ ಕೂಲಿಂಗ್ ವ್ಯವಸ್ಥೆಯ ತೀರಾ ಅಗ್ಗದ ಭಾಗಗಳಲ್ಲಿ ಇದೊಂದು, ಎಲ್ಲರೂ ಕೊನೆಗೆ ನೋಡುವುದೂ ಇದನ್ನೇ.

7. ಸೂಜಿಯ ಮಾತನ್ನು ಇನ್ನೊಂದು ಸಾಕ್ಷಿಯ ಜೊತೆ ತಾಳೆ ನೋಡಿ

ಸೂಜಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಪೂರ್ತಿ ಸೋರಿಹೋದರೆ ಸೆನ್ಸರ್ ಒಣಗಿ, ಸೂಜಿ ತಟ್ಟನೆ ಕೆಳಗೆ ಬೀಳಬಹುದು. ಸದ್ಯ ಇಳಿಯಿತಲ್ಲ ಎಂದು ಓಡಿಸಿದವರ ಎಂಜಿನ್ ಸೀಜ್ ಆಗಿದೆ. ಏರಿದ್ದ ಸೂಜಿ ಕಾರಣವಿಲ್ಲದೆ ಬಿದ್ದರೆ ಕೂಡಲೇ ನಿಲ್ಲಿಸಿ.

ಹಳೆಯ ಕಾರಿನಲ್ಲಿ ಟೆಂಪರೇಚರ್ ಸೂಜಿಯ ಜೊತೆ ಪೆಟ್ರೋಲ್ ಸೂಜಿಯೂ ಒಟ್ಟಿಗೆ ಏರಿದರೆ ಎಂಜಿನ್ ಬಿಸಿಯಾಗಿರುವುದು ಅನುಮಾನ. ಓಡುತ್ತ ಪೆಟ್ರೋಲ್ ಹೆಚ್ಚಾಗುವುದು ಸಾಧ್ಯವಿಲ್ಲವಲ್ಲ. ಮೀಟರ್ ಬೋರ್ಡಿನ ವೋಲ್ಟೇಜೋ ಅರ್ತೋ ಕೆಟ್ಟಿರುತ್ತದೆ.

8. ಥರ್ಮೋಸ್ಟಾಟ್ ಕೀಳಿಸಬೇಡಿ, ಫ್ಯಾನ್ ಡೈರೆಕ್ಟ್ ಮಾಡಿಸಬೇಡಿ

"ನಮ್ಮ ದೇಶಕ್ಕೆ ಥರ್ಮೋಸ್ಟಾಟ್ ಯಾಕೆ ಸಾರ್, ತೆಗೆದುಬಿಡೋಣ." ಈ ಮಾತು ಕೇಳದ ಕಾರಿನವರು ಕಡಿಮೆ. ನಾನೂ ಒಪ್ಪಿಕೊಂಡಿದ್ದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆದುಕೊಳ್ಳುವ ಈ ವಾಲ್ವ್, ಎಂಜಿನ್ ಬೇಗ ತನ್ನ ಹದಕ್ಕೆ ಬರಲಿ ಎಂದು ಇರುವಂಥದ್ದು. ಕಿತ್ತರೆ ಎಂಜಿನ್ ಸದಾ ತಣ್ಣಗೆ ಓಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಒಳಗೆ ತೇವ ಉಳಿದು ಜಿಡ್ಡುಗಟ್ಟುತ್ತದೆ. ಕಂಪ್ಯೂಟರ್ ಇರುವ ಕಾರಿನಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಅದು ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ.

ವಾಲ್ವ್ ಕೆಟ್ಟಿದೆಯೇ ಎಂದು ಮನೆಯಲ್ಲೇ ನೋಡಬಹುದು. ಬೇಡದ ಹಳೇ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನು ದಾರದಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿ ಬರುವ ಮೊದಲು ಅದು ಬಾಯಿ ತೆರೆಯಬೇಕು, ತಣ್ಣಗಾದ ಮೇಲೆ ಮುಚ್ಚಬೇಕು.

ಫ್ಯಾನ್ ಡೈರೆಕ್ಟ್ ಮಾಡುವುದೂ ಇಂಥದ್ದೇ ಉಪಾಯ. ಥರ್ಮೋಸ್ವಿಚ್ ಕೆಟ್ಟರೆ ಕೀ ಆನ್ ಮಾಡಿದಾಗೆಲ್ಲ ಫ್ಯಾನ್ ತಿರುಗುವಂತೆ ತಂತಿ ಎಳೆದುಬಿಡುತ್ತಾರೆ. ದಾರಿಯಲ್ಲಿ ಮನೆ ಮುಟ್ಟಲು ಸರಿ. ಅದೇ ಖಾಯಂ ಆದರೆ ಆಲ್ಟರ್ನೇಟರಿಗೆ ಹಗಲು ರಾತ್ರಿ ಭಾರ, ಫ್ಯಾನ್ ಮೋಟರಿಗೆ ಅರ್ಧ ಆಯಸ್ಸು. ಹೀಟ್‌ಗೆ ಮಾಡಿದ ಮದ್ದು ಚಾರ್ಜಿನ ಕಾಯಿಲೆಯಾಗಿ ತಿರುಗುತ್ತದೆ.

9. ಬೋರ್‌ವೆಲ್ ನೀರು ಬೇಡ

ಕೋಲಾರ, ರಾಯಚೂರು, ವಿಜಯಪುರದ ಕಡೆ ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ರೇಡಿಯೇಟರಿನ ತೆಳು ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಕೂಲೆಂಟ್ ಗಾಢವಾದದ್ದಾದರೆ ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ, ರೆಡಿ ಮಿಕ್ಸ್ ಆದರೆ ಹಾಗೇ ಹಾಕಿ. ಡಬ್ಬದ ಮೇಲೆ ಯಾವುದೆಂದು ಬರೆದಿರುತ್ತದೆ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಿದರೆ ಗಸಿಯಾಗಬಹುದು.

ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಷ್ಟು. ಕೂಲೆಂಟ್ ಮತ್ತು ಗಟ್ಟಿ ಮುಚ್ಚಳ ಎರಡೂ ಬೇಕಾಗುವುದು ಮಡಿಕೇರಿ, ಕುದುರೆಮುಖದ ಕಡೆ ಏರುವಾಗ.

ಒಂದು ಮಾತು ಮರೆಯಬೇಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಚೆಲ್ಲಿದರೆ ಬಟ್ಟೆಯಿಂದ ಒರೆಸಿ ತೆಗೆದು ನೀರು ಹಾಕಿ ತೊಳೆಯಿರಿ. ಹಳೆಯದನ್ನು ಮಕ್ಕಳ ಕೈಗೆ ಸಿಗುವ ಬಾಟಲಿಯಲ್ಲಿ ಇಡಲೇಬೇಡಿ.

10. ಗ್ಯಾಸ್ಕೆಟ್ ಹೋಗಿದೆ ಎಂದರೆ ಗುರುತು ತೋರಿಸಲು ಕೇಳಿ

ಹೆಡ್ ಗ್ಯಾಸ್ಕೆಟ್ ಹೋದರೆ ಅದು ಗುರುತು ಬಿಟ್ಟೇ ಹೋಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯ ಬಣ್ಣದ ನೊರೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ನಿಲ್ಲದೆ ಏಳುವ ಗುಳ್ಳೆ, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಕಲ್ಲಿನಂತಾಗುವ ಹೋಸ್ ಪೈಪ್. ಇವುಗಳಲ್ಲಿ ಒಂದೂ ಕಾಣದಿದ್ದರೆ ಹೆಡ್ ಇಳಿಸಲು ಅವಸರ ಮಾಡಬೇಡಿ.

11. ಮೀಟರ್ ಕೊಳ್ಳಿ, ಕೆಲವು ಸಂಖ್ಯೆ ನೆನಪಿಡಿ

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಹೊಸ ಬ್ಯಾಟರಿಯ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ.

ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 13.5ರ ಆಸುಪಾಸಿನಲ್ಲಾದರೂ ನಿಲ್ಲಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಬ್ಯಾಟರಿ ನೀರು ಬೇಗ ಬತ್ತುವುದು, ಕೊಳೆತ ಮೊಟ್ಟೆಯ ವಾಸನೆ, ಬಲ್ಬುಗಳು ಪದೇ ಪದೇ ಹೋಗುವುದು ಅದರ ಲಕ್ಷಣ. ಇತ್ತೀಚಿನ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಸಿ ಇಳಿಸುತ್ತದೆ, ಅಲ್ಲಿ ಒಂದು ಸಲದ ಸಂಖ್ಯೆ ನೋಡಿ ತೀರ್ಮಾನಿಸಬೇಡಿ.

ಚಾರ್ಜ್ ನಿಂತ ಮೇಲೆ ಎಷ್ಟು ದೂರ ಹೋಗಬಹುದು? 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬಿಗೇ 10 ಆಂಪಿಯರ್ ಬೇಕು. ಫ್ಯಾನ್, ವೈಪರ್, ಬ್ಲೋವರ್ ಸೇರಿದರೆ ಅದು ಎರಡು ಪಟ್ಟು ದಾಟುತ್ತದೆ. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಮಳೆಯ ರಾತ್ರಿ ಒಂದು ಗಂಟೆ ತಡೆದರೆ ಹೆಚ್ಚು. ಹಗಲಾದರೆ, ಸೂಜಿಯೂ ಏರುತ್ತಿಲ್ಲವಾದರೆ, ಎಲ್ಲ ಆಫ್ ಮಾಡಿ ಹತ್ತಿರದ ಪೇಟೆ ಮುಟ್ಟಬಹುದು.

12. ಕೆಂಪು ದೀಪ ಮೊದಲು ಉರಿಯಬೇಕು, ಆಮೇಲೆ ಆರಬೇಕು

ಕೀ ಆನ್ ಮಾಡಿ, ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ದೀಪ ಉರಿಯುತ್ತದೆಯೇ ನೋಡಿ. ಉರಿಯದಿದ್ದರೆ ಸಮಾಧಾನಪಡಬೇಡಿ. ಹಳೆಯ ಕಾರುಗಳಲ್ಲಿ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬ್ ಹೋದರೆ ಒಳ್ಳೆಯ ಆಲ್ಟರ್ನೇಟರೂ ಚಾರ್ಜ್ ಮಾಡದೆ ಕೂರಬಹುದು. ಒಂದು ಪುಟ್ಟ ಬಲ್ಬಿಗಾಗಿ ಇಡೀ ಆಲ್ಟರ್ನೇಟರ್ ಬಿಚ್ಚಿಸಿಕೊಂಡವರಿದ್ದಾರೆ. ಓಡುವಾಗ ದೀಪ ಮಂಕಾಗಿ ಉರಿಯುತ್ತಲೇ ಇದ್ದರೆ ಒಳಗಿನ ಡಯೋಡ್ ಮೇಲೆ ಅನುಮಾನ ಪಡಿ.

13. ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ವೈರ್ ಕೀಳಲು ಯಾರಿಗೂ ಬಿಡಬೇಡಿ

"ಟರ್ಮಿನಲ್ ತೆಗೆದರೂ ಎಂಜಿನ್ ಓಡಿದರೆ ಡೈನಮೋ ಸರಿ ಇದೆ." ಡೈನಮೋ ಕಾಲದಿಂದ ಬಂದ ಈ ಪರೀಕ್ಷೆ ಈಗಲೂ ರಸ್ತೆಬದಿಯಲ್ಲಿ ನಡೆಯುತ್ತದೆ. ಆಲ್ಟರ್ನೇಟರ್ ಏರಿಳಿತವನ್ನು ನುಂಗಿಕೊಳ್ಳುವುದು ಬ್ಯಾಟರಿ. ಅದನ್ನು ಕಿತ್ತ ಕ್ಷಣಕ್ಕೆ ವೋಲ್ಟೇಜ್ ಜಿಗಿದು ಡಯೋಡ್, ರೆಗ್ಯುಲೇಟರ್, ಕಂಪ್ಯೂಟರ್ ಇರುವ ಕಾರಾದರೆ ಅದೂ ಸುಟ್ಟುಹೋಗಬಹುದು. ಮೀಟರ್ ಇದ್ದ ಮೇಲೆ ಈ ಪರೀಕ್ಷೆಯ ಅಗತ್ಯವೇ ಇಲ್ಲ. ಯಾರಾದರೂ ಕೈ ಹಾಕಿದರೆ ಗಟ್ಟಿಯಾಗಿಯೇ ಬೇಡ ಎನ್ನಿ.

ಬೆಳಿಗ್ಗೆ ಬೆಳಿಗ್ಗೆ ಬ್ಯಾಟರಿ ಕೂತಿರುತ್ತದೆ, ಹಗಲಲ್ಲಿ ಚಾರ್ಜ್ ಚೆನ್ನಾಗಿದೆ ಎಂದಾದರೆ ರಾತ್ರಿ ಕರೆಂಟ್ ಎಲ್ಲಿಗೋ ಹರಿಯುತ್ತಿರಬಹುದು. ರಾತ್ರಿಯಿಡೀ ನಿಂತ ಕಾರಿನ ಆಲ್ಟರ್ನೇಟರ್ ಮೈ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ. ಡಿಕ್ಕಿಯ ಲೈಟ್, ಆಮೇಲೆ ಹಾಕಿಸಿದ ಸ್ಟೀರಿಯೋ, ರಿವರ್ಸ್ ಕ್ಯಾಮೆರಾಗಳನ್ನೂ ಒಂದೊಂದೇ ಫ್ಯೂಸ್ ತೆಗೆದು ನೋಡಬಹುದು. ಪೂರ್ತಿ ಕೂತ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ತುಂಬಿಸಿ. ತಳ್ಳಿ ಸ್ಟಾರ್ಟ್ ಮಾಡಿ ಆಲ್ಟರ್ನೇಟರಿಗೇ ಆ ಕೆಲಸ ಹೊರಿಸಿದರೆ ಅದು ಅಳತೆ ಮೀರಿ ಬಿಸಿಯಾಗುತ್ತದೆ.

14. ಅರ್ತ್ ನೋಡದೆ ಯಾವ ಸಾಮಾನನ್ನೂ ಬದಲಿಸಬೇಡಿ

ಉಜಿರೆಯ ಕತೆ ಬೆಲ್ಟಿಗೇ ಮುಗಿಯಲಿಲ್ಲ. ಬೋಲ್ಟ್ ಬಿಗಿ ಮಾಡಿ ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಆರಿತು. ನಾನು ಪರ್ಸ್ ತೆಗೆದೆ. ಅವರು ತಡೆದು ಬ್ಯಾಟರಿಗೆ ಮೀಟರ್ ಹಿಡಿದರು: 14.0. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿಸಿದರು: 13.1.

"ಒಂದು ವೋಲ್ಟ್ ಎಲ್ಲಿಗೆ ಹೋಯ್ತು? ದಾರಿಯಲ್ಲಿ ಎಲ್ಲೋ ಬಿದ್ದಿರ್ಬೇಕಲ್ಲ. ಹುಡುಕುವ."

ಎಲ್ಲ ಲೈಟ್ ಉರಿಯುತ್ತಿದ್ದಂತೆಯೇ ಕಪ್ಪು ಕಡ್ಡಿಯನ್ನು ಆಲ್ಟರ್ನೇಟರಿನ ಬರಿ ಮೈಗೆ ಒತ್ತಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಇಟ್ಟರು. ಎರಡೂ ಅರ್ತೇ, ನಡುವೆ ವೋಲ್ಟೇಜ್ ಇರಲೇಬಾರದು ಎಂದು ನಾನಂದುಕೊಂಡಿದ್ದೆ. ಮೀಟರ್ 0.8 ತೋರಿಸಿತು. ಅದು 0.2 ದಾಟಬಾರದು. ಅಂದರೆ ಕರೆಂಟ್ ವಾಪಸು ಬರುವ ದಾರಿಯಲ್ಲಿ ತಡೆ ಇತ್ತು. ಅವರು ಕಾರಿನ ಕೆಳಗೆ ಕೈ ಹಾಕಿ, ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿಯನ್ನು ಬಿಚ್ಚಿ ನನ್ನ ಟಾರ್ಚಿನ ಬೆಳಕಿಗೆ ಹಿಡಿದರು. ಬೋಲ್ಟ್ ಕೂರುವ ಕಣ್ಣಿನಲ್ಲಿ ಹಸಿರು ಪುಡಿ ಮೆತ್ತಿತ್ತು. ಅರ್ಧದಷ್ಟು ಎಳೆಗಳು ತುಂಡಾಗಿ, ಹಳೇ ಪೊರಕೆಯ ಹಾಗೆ ಕೆದರಿದ್ದವು. ಅಂಗಡಿಯಲ್ಲಿದ್ದ ಇನ್ನೊಂದು ಪಟ್ಟಿ ತಂದರು, ಬಾಡಿಯ ಲೋಹ ಹೊಳೆಯುವ ತನಕ ಮರಳು ಕಾಗದದಲ್ಲಿ ತಿಕ್ಕಿ, ಕಟ್ಟಿ, ಮೇಲೆ ವ್ಯಾಸಲೀನ್ ಸವರಿದರು. ಮತ್ತೆ ಮೀಟರ್: ಅರ್ತಿನಲ್ಲಿ 0.1, ಬ್ಯಾಟರಿಯಲ್ಲಿ 13.8. ಹೆಡ್‌ಲೈಟ್ ಬೆಳ್ಳಗಾಯಿತು. ಅಷ್ಟು ಹೊತ್ತೂ ಸೋಮಾರಿಯಂತೆ ತಿರುಗುತ್ತಿದ್ದ ರೇಡಿಯೇಟರ್ ಫ್ಯಾನ್ ಸದ್ದೂ ಬದಲಾಯಿತು.

ಅರ್ತ್ ಕೆಟ್ಟರೆ ಚಾರ್ಜ್ ಕಡಿಮೆ, ಫ್ಯಾನ್ ನಿಧಾನ, ಸೂಜಿ ಸುಳ್ಳು, ಸೆಲ್ಫ್ ಮಂದ, ನಾಲ್ಕೂ ಬರುತ್ತವೆ. ಇದೇ ಪರೀಕ್ಷೆಯನ್ನು ಪ್ಲಸ್ ಕಡೆಗೂ ಮಾಡಿ: ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿನಿಂದ ಬ್ಯಾಟರಿಯ ಪ್ಲಸ್‌ಗೆ 0.3ಕ್ಕಿಂತ ಹೆಚ್ಚು ಬರಬಾರದು. ಕೆಂಪು ಕಡ್ಡಿ ಬೇರೆ ಲೋಹಕ್ಕೆ ತಾಗದಂತೆ, ಲುಂಗಿ, ಶಾಲು, ಉದ್ದ ಕೂದಲು ಬೆಲ್ಟಿನ ಹತ್ತಿರ ಬರದಂತೆ ನೋಡಿಕೊಳ್ಳಿ.

ಅವರು ತೆಗೆದುಕೊಂಡದ್ದು ಪಟ್ಟಿಯ ದುಡ್ಡೂ ಸೇರಿ ಇನ್ನೂರು ರೂಪಾಯಿ.

15. ಅದೇ ರಸ್ತೆಯಲ್ಲಿ, ಅದೇ ಭಾರದಲ್ಲಿ ಓಡಿಸಿ ನೋಡಿ

ಗ್ಯಾರೇಜಿನ ಮುಂದೆ ಐಡಲಿನಲ್ಲಿ ಎಲ್ಲ ಕಾರೂ ಚೆನ್ನಾಗಿರುತ್ತದೆ. ಘಾಟಿಯಲ್ಲಿ ಬಂದ ತೊಂದರೆಯನ್ನು ಘಾಟಿಯಲ್ಲೇ, ರಾತ್ರಿ ಬಂದದ್ದನ್ನು ಲೈಟ್ ಹಾಕಿಯೇ ಪರೀಕ್ಷಿಸಬೇಕು. ಹೊಸ ಬೆಲ್ಟ್ ಹಾಕಿಸಿದ್ದರೆ ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಹೊಸದು ಸ್ವಲ್ಪ ಹಿಗ್ಗುತ್ತದೆ. ಹಳೆಯದು ಇನ್ನೂ ಗಟ್ಟಿಯಿದ್ದರೆ ಎಸೆಯದೆ, ಹೊಂದುವ ಸ್ಪ್ಯಾನರುಗಳ ಜೊತೆ ಡಿಕ್ಕಿಯಲ್ಲಿ ಇಡಿ.

ಅವತ್ತು ರಾತ್ರಿ ಚಾರ್ಮಾಡಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ, ಎಲ್ಲ ಲೈಟ್ ಹಾಕಿಕೊಂಡೇ ಹತ್ತಿದೆವು. ಸೂಜಿ ಅರ್ಧದ ಗೆರೆ ದಾಟಲಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಅಮ್ಮ ನೀರುದೋಸೆ ತಿನ್ನುವಷ್ಟು ಹೊತ್ತು ಎಂಜಿನ್ ಆಫ್ ಮಾಡದೆ ಬಿಟ್ಟು ನೋಡಿದೆ. ಫ್ಯಾನ್ ಎರಡು ಸಲ ತಾನಾಗಿ ಬಂತು, ತಾನಾಗಿ ನಿಂತಿತು. ಮುಂದಿನ ವಾರ ಥರ್ಮೋಸ್ಟಾಟ್ ವಾಪಸು ಹಾಕಿಸಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬದ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ತಿಂಗಳು ಕಳೆದು ನೋಡಿದಾಗಲೂ ನೀರು ಅದೇ ಗೆರೆಯಲ್ಲಿತ್ತು.